ಕಂಡವನ ಬಾಯಿಂದ

"ಹಲೋ... ಹಲೋ... ಯಾರು ಮಾತಾಡ್ತಿರೋದು?... ಜೋರಾಗಿ ಮಾತಾಡಪ್ಪ, ಇಲ್ಲಿ ಬರೀ ಗಾಳಿ ಕೇಳ್ತಿದೆ. ಯಾರು ಅಂದೆ?... ಇಂಬಾಬಿನಾ? ದೋಣಿ ಮೆಕ್ಯಾನಿಕ್ ಇಂಬಾಬಿನೇ ತಾನೆ?... ಅಬ್ಬ, ಸಿಕ್ಕಿದ್ಯಲ್ಲ! ಬೆಳಗಿಂದ ನಿನ್ನ ನಂಬರು ಒತ್ತಿ ಒತ್ತಿ ಬೆರಳು ಸವೆದುಹೋಯ್ತು."

ತಫೀದಾ ತಂಗಿಯ ಮನೆಯ ತಾರಸಿಯ ಮೇಲೆ, ಪಾರಿವಾಳದ ಗೂಡಿಗೆ ಬೆನ್ನು ತಾಗಿಸಿ ನಿಂತಿದ್ದಳು. ಆ ಮನೆಯಲ್ಲಿ ಫೋನು ಸರಿಯಾಗಿ ಕೇಳಿಸುತ್ತಿದ್ದದ್ದು ಅದೊಂದೇ ಜಾಗದಲ್ಲಿ. ಚಳಿಗಾಲದ ಮೊದಲ ಬಿರುಗಾಳಿ, ಆ ಕರಾವಳಿಯವರು ‘ಪೊರಕೆ’ ಎಂದು ಕರೆಯುವ ಗಾಳಿ, ಸಮುದ್ರವನ್ನೆಲ್ಲ ಗುಡಿಸಿಹಾಕಿ ಆ ಬೆಳಿಗ್ಗೆಯಷ್ಟೇ ತಣ್ಣಗಾಗಿತ್ತು. ನೈಲ್ ನದಿ ಸಮುದ್ರಕ್ಕೆ ಬೀಳುವ ಅಳಿವೆಯಲ್ಲಿ, ಗಾಳಿಗೆ ಮೊದಲೇ ಮರಳಿ ಬಂದಿದ್ದ ದೋಣಿಗಳು ಒಂದಕ್ಕೊಂದು ಒರಗಿಕೊಂಡಿದ್ದವು. ಅವುಗಳಲ್ಲಿ ‘ಸಾಬಿರಾ’ ಇರಲಿಲ್ಲ. ತಂಗಿ ಸನಿಯ್ಯಾಳ ಮಗ ಬಯೂಮಿ ಮೀನಿಗೆ ಹೋಗಿದ್ದದ್ದು ಆ ದೋಣಿಯಲ್ಲಿ.

"ನಾನು ತಫೀದಾ. ಖಾಲಾ ತಫೀದಾ ಕಣಪ್ಪ, ಸನಿಯ್ಯಾಳ ಅಕ್ಕ... ಹಾಂ, ಬಯೂಮಿ ದೊಡ್ಡಮ್ಮ, ಅವಳೇ. ನಿನ್ನ ಹೆಂಡತಿಗೆ ಗೋಗರೆದು ನಂಬರು ತಗೊಂಡೆ... ಇಲ್ಲ, ಇಲ್ಲ, ಸಲಾಮು ಕ್ಷೇಮಸಮಾಚಾರ ಎಲ್ಲ ಆಮೇಲೆ. ಈಗ ಎಲ್ಲಿದ್ದೀಯ ನೀನು?... ಮತ್ರೂಹ್‌ನಲ್ಲೇನಾ? ಗಾಳಿಗೆ ನಿಮ್ಮ ದೋಣಿ ಹೊಕ್ಕ ಬಂದರಲ್ಲೇ, ದಕ್ಕೆ ಮೇಲೆ?... ಸರಿ, ಅಲ್ಲೇ ನಿಂತ್ಕೊ. ನಾನು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು. ಕೇಳದೇ ಇದ್ದದ್ದು ಒಂದೂ ಬೇಡ."

ಹಿಂದಿನ ಸಂಜೆ, ಮೊಬೈಲ್ ಅಂಗಡಿಯ ಜಕಿ ತನ್ನ ‘ಊರ ದನಿ’ ಪುಟದಲ್ಲಿ ಸುದ್ದಿ ಹಾಕಿದ್ದ: ‘ಸಾಬಿರಾ’ ಮುಳುಗಿದೆ, ಅದರಲ್ಲಿದ್ದವರು ಯಾರೂ ಉಳಿದಿಲ್ಲ. ಸುದ್ದಿಯ ಕೆಳಗೆ ಎಲ್ಲಿಯದೋ ಕವುಚಿಬಿದ್ದ ದೋಣಿಯ ಚಿತ್ರ. ಚಿತ್ರದ ಕೆಳಗೆ ಊರಿಗೆ ಊರೇ ಅಳುವ ಮುಖಗಳನ್ನು ಒತ್ತಿತ್ತು. ಸ್ವಲ್ಪ ಹೊತ್ತಿಗೆ ದೋಣಿ ಮಾಲೀಕರ ಗುಮಾಸ್ತ ಮನೆಮನೆಗೆ ಫೋನು ಮಾಡಿ, ಅದೆಲ್ಲ ಸುಳ್ಳು, ಹುಡುಗರೆಲ್ಲ ಲಿಬಿಯಾದ ತೋಬ್ರುಕ್ ಬಂದರಿನಲ್ಲಿ ಆರಾಮಾಗಿ ಕೂತು ಕೋಳಿ ತಿನ್ನುತ್ತಿದ್ದಾರೆ ಎಂದಿದ್ದ. ಸನಿಯ್ಯಾ ಒಂದು ಸುದ್ದಿಗೆ ಎದೆ ಬಡಿದುಕೊಂಡಿದ್ದಳು, ಇನ್ನೊಂದು ಸುದ್ದಿಗೆ ಎದ್ದು ಕುಣಿದಿದ್ದಳು. ಬೆಳಗಾಗುವ ಹೊತ್ತಿಗೆ ಎರಡಕ್ಕೂ ಶಕ್ತಿಯಿಲ್ಲದೆ ಒಳಮನೆಯ ಚಾಪೆಯ ಮೇಲೆ ಗೋಡೆ ನೋಡುತ್ತಾ ಕುಳಿತುಬಿಟ್ಟಿದ್ದಳು.

"ಜಕಿ ನಿನ್ನ ಭಾವಮೈದ ತಾನೆ?... ಅವನನ್ನ ಅಂಗಡಿಗೇ ಹೋಗಿ ಹಿಡ್ಕೊಂಡೆ. ಯಾರೋ ಹೇಳಿದ್ದು ಅಂದ್ರೆ, ಇಂಬಾಬಿ ಹೇಳಿದ್ದು ಅಂದ. ಇಂಬಾಬಿಗೆ ಯಾರು ಹೇಳಿದ್ದು ಅಂದ್ರೆ, ಅವನು ಕಣ್ಣಾರೆ ಕಂಡಿದ್ದಾನೆ ಅಂದ. ಹೌದಾ?... ಹೌದಾ ಅಲ್ವಾ, ಅಷ್ಟೇ ಹೇಳು... ಆಣೆ ಇಡ್ಬೇಡ. ನಿನ್ನ ಆಣೆ ತಗೊಂಡು ನಾನೇನು ಮಾಡ್ಲಿ?... ಇಡ್ಬೇಡ ಅಂದ್ನಲ್ಲ! ಏನು ಕಂಡೆ, ಅದನ್ನ ಹೇಳು."

"...ಕವುಚಿದ ದೋಣಿ. ಸರಿ. ಎಷ್ಟು ದೂರದಲ್ಲಿ?... ಅಷ್ಟು ದೂರದಲ್ಲಾ? ಮತ್ತೆ ಅದು ಸಾಬಿರಾ ಅಂತ ಹೆಂಗೆ ಗೊತ್ತಾಯ್ತು? ಹೆಸರು ಓದಿದ್ಯಾ?... ಏನು?... ಹಸಿರು ಮೂತಿ. ಹಸಿರು ಮೂತಿ ಇತ್ತಾ. ಇಂಬಾಬಿ, ನಾನು ನಿಂತಿರೋ ಕಡೆಯಿಂದ ಅಳಿವೆ ಪೂರ್ತಿ ಕಾಣುತ್ತೆ. ಹಸಿರು ಮೂತಿ ದೋಣಿಗಳು ಕಣ್ಮುಂದೆನೇ ಸಾಲಾಗಿ ನಿಂತಿವೆ. ಹಾಜಿ ಮುತವಲ್ಲಿ ದೋಣಿದೂ ಹಸಿರು ಮೂತಿನೇ. ಅವರೂ ಮುಳುಗಿದ್ರಾ? ಇಲ್ಲೇ ಕೆಳಗೆ ಕುರ್ಚಿ ಇಳಿಸ್ತಾ ನಿಂತಿದ್ದಾರಲ್ಲ!"

ನಿಜಕ್ಕೂ ಕೆಳಗೆ ಓಣಿಯಲ್ಲಿ ಕೈಗಾಡಿ ಬಂದು ನಿಂತಿತ್ತು. ಸಾವಿನ ಮನೆಯ ಮುಂದೆ ಹಾಕುವ ಕುರ್ಚಿಗಳು, ಸುತ್ತಿಟ್ಟ ಚಿತ್ತಾರದ ಪೆಂಡಾಲ್ ಬಟ್ಟೆ. ಹಾಜಿ ಮುತವಲ್ಲಿ ಆ ಓಣಿಗೆ ಹಿರಿಯ, ಮನಸ್ಸಿನಲ್ಲಿ ಕಲ್ಮಶವಿಲ್ಲದವನು. ಯಾರ ಮನೆಯ ದುಃಖಕ್ಕೂ ಕರೆಯುವ ಮೊದಲೇ ಬಂದು ನಿಲ್ಲುವವನು. ಈ ಸಲ ದುಃಖ ಬರುವ ಮೊದಲೇ ಬಂದು ನಿಂತಿದ್ದ. ಕುರ್‌ಆನ್ ಓದುವವರು ಕೂಡ ಬಂದು ಎದುರು ಮನೆಯ ಜಗಲಿಯ ಮೇಲೆ ಟೀ ಕುಡಿಯುತ್ತಿದ್ದರು.

"ಒಂದು ನಿಮಿಷ ಇರು, ಇಡ್ಬೇಡ... ಹಾಜಿ! ಹಾಜಿ ಮುತವಲ್ಲಿ! ಆ ಕುರ್ಚಿ ಇಳಿಸ್ಬೇಡಿ ಅಂತ ಆಗ್ಲೇ ಹೇಳ್ಲಿಲ್ವಾ ನಾನು?... ನಿಮ್ಮ ಒಳ್ಳೆ ಮನಸ್ಸು ನನಗೆ ಗೊತ್ತು, ದೇವರು ನಿಮಗೆ ಒಳ್ಳೇದು ಮಾಡ್ಲಿ, ಆದ್ರೆ ಇಳಿಸ್ಬೇಡಿ!... ಗಾಡಿಯವನು ಬೈದ್ರೆ ಬೈಲಿ, ನನ್ನ ಹೆಸರು ಹೇಳಿ!... ಏನಂದ್ರಿ?... ಹೌದು, ತಲೆ ಕೆಟ್ಟಿದೆ, ಯಾವಾಗ್ಲೋ ಕೆಟ್ಟಿದೆ, ಇವತ್ತು ಹೊಸದಾಗಿ ಕೆಟ್ಟಿದ್ದಲ್ಲ!"

ಓಣಿಯವರು ಅವಳಿಗೆ ‘ಯಾರ್ ಹೇಳಿದ್ದು ತಫೀದಾ’ ಎಂದೇ ಹೆಸರಿಟ್ಟಿದ್ದರು. ಯಾರ ಮಗಳು ಯಾರ ಜೊತೆ ಮಾತಾಡಿದಳು, ಯಾರ ಬಳೆ ಚಿನ್ನದ್ದಲ್ಲ, ಯಾರ ಗಂಡ ಊರಿಗೆ ಬರುವುದಿಲ್ಲವಂತೆ, ಹೀಗೆ ಸೊಪ್ಪು ಹೆಚ್ಚುತ್ತಾ ಹೆಂಗಸರು ಹೇಳಿಕೊಳ್ಳುವ ಕತೆಗಳ ಮಧ್ಯೆ ತಲೆ ತೂರಿಸಿ, "ಯಾರು ಹೇಳಿದ್ದು? ಅವರಿಗೆ ಯಾರು ಹೇಳಿದ್ದು?" ಎಂದು ಕೇಳಿ ಕತೆಯ ರುಚಿಯನ್ನೇ ಕೆಡಿಸುತ್ತಾಳೆ ಎಂದು ಅವರಿಗೆ ಸಿಟ್ಟು. ಅದು ಅವಳಿಗೆ ಅಪ್ಪನಿಂದ ಬಂದ ಗುಣ. ಅವಳ ಅಪ್ಪ ಮಸೀದಿಯಲ್ಲಿ ಬಾಂಗ್ ಕೂಗುತ್ತಿದ್ದ. ರಂಜಾನ್ ಚಂದ್ರ ಕಂಡಿತೆಂದು ಓಡಿಬಂದವರನ್ನೆಲ್ಲ ಬಾಗಿಲಲ್ಲೇ ನಿಲ್ಲಿಸಿ, ನೀನು ಕಂಡೆಯಾ, ಕಂಡವನನ್ನು ಕಂಡೆಯಾ ಎಂದು ಕೇಳುತ್ತಿದ್ದ. ಇಷ್ಟು ವರ್ಷ ಅವಳ ಆ ಪ್ರಶ್ನೆಗಳಿಂದ ಯಾರದೋ ಮಾತಿನ ಮೋಜು ಹಾಳಾಗಿತ್ತೇ ಹೊರತು ಹೆಚ್ಚೇನೂ ಆಗಿರಲಿಲ್ಲ. ಇವತ್ತು ಪ್ರಶ್ನೆಗೇ ಭಾರ ಬಂದಿತ್ತು.

"ಹಾಂ, ಹೇಳು ಇಂಬಾಬಿ... ಏನು, ಗುಮಾಸ್ತರನ್ನ ಕೇಳ್ಬೇಕಿತ್ತು ಅಂತೀಯಾ? ಕೇಳ್ದೆ. ಅವರನ್ನೂ ಬಿಡ್ಲಿಲ್ಲ. ತೋಬ್ರುಕ್‌ನಲ್ಲಿ ಯಾರ ಹತ್ರ ಮಾತಾಡಿದ್ರಿ ಅಂದೆ. ಎಲ್ರೂ ಹೇಳ್ತಿದ್ದಾರೆ ಅಂದ್ರು. ಎಲ್ರೂ ಅಂದ್ರೆ ಯಾರು, ಒಂದು ಹೆಸರು ಹೇಳಿ ಅಂದೆ. ಫೋನು ಇಟ್ಬಿಟ್ರು... ಒಳ್ಳೆ ಸುದ್ದಿ ಅಂತ ಹಂಗೇ ನುಂಗಿಬಿಡೋಕಾಗುತ್ತಾ?"

ಅಷ್ಟು ಸಲೀಸಾಗಿ ಹೇಳಿದಳೇ ಹೊರತು, ಅದು ಅಷ್ಟು ಸಲೀಸಾಗಿರಲಿಲ್ಲ. ಗುಮಾಸ್ತ ‘ಕೋಳಿ ತಿನ್ನುತ್ತಿದ್ದಾರೆ’ ಎಂದಾಗ ಅವಳಿಗೂ ಅದನ್ನು ನಂಬಿಬಿಡಬೇಕೆನಿಸಿತ್ತು. ಜಕಿಯನ್ನು ಕೇಳುವಾಗ ಹುರುಪಿನಿಂದ ಹಾರಿಬಂದ ಮಾತು ಗುಮಾಸ್ತನನ್ನು ಕೇಳುವಾಗ ಕಷ್ಟಪಟ್ಟು ಹೊರಬಂದಿತ್ತು. ಕೇಳದಿದ್ದರೆ ತಂಗಿ ಆ ರಾತ್ರಿ ನಿದ್ದೆ ಮಾಡುತ್ತಿದ್ದಳು. ಕೇಳದಿದ್ದರೆ ತಾನೂ ನಿದ್ದೆ ಮಾಡುತ್ತಿದ್ದಳು. ಹಾಗಿದ್ದೂ ಕೇಳಿದ್ದಳು. ಕೇಳಿ ಬಂದು ತಂಗಿಯ ಮುಖ ನೋಡಲಾಗದೆ ಸುಮ್ಮನೆ ಅವಳ ಪಾದ ಒತ್ತುತ್ತಾ ಕುಳಿತಿದ್ದಳು.

"ಅದಿರ್ಲಿ. ಹಸಿರು ಮೂತಿ ಕಂಡೆ. ಅಷ್ಟೇ ಕಂಡಿದ್ದು. ಮತ್ತೆ ಸಾಬಿರಾ ಮುಳುಗ್ತು, ಎಲ್ರೂ ಹೋದ್ರು ಅಂತ ಜಕಿಗೆ ಯಾಕೆ ಹೇಳ್ದೆ?... ಹಂಗೆ ಹೇಳ್ಲಿಲ್ವಾ? ಏನಂದೆ ಹಾಗಾದ್ರೆ?... ‘ಇರಬಹುದು’ ಅಂದೆ. ಹೂಂ. ಮೊದಲು ‘ಇರಬಹುದು’. ಆಮೇಲೆ?... ದಕ್ಕೆಯವರೆಲ್ಲ ಸುತ್ತ ಸೇರ್ಕೊಂಡ್ರು. ಟೀ ತಂದುಕೊಟ್ರು. ಬೆನ್ನು ಸವರಿದ್ರು... ಹೂಂ... ಮತ್ತೆ ಮತ್ತೆ ಕೇಳಿದ್ರು, ನೀನೂ ಮತ್ತೆ ಮತ್ತೆ ಹೇಳ್ದೆ. ಒಂದೊಂದು ಸಲ ಹೇಳಿದಾಗಲೂ ಆ ದೋಣಿ ಸ್ವಲ್ಪ ಸ್ವಲ್ಪ ಹತ್ರ ಬಂತು, ಅಲ್ವಾ?"

"...ಇಂಬಾಬಿ?... ಅಳ್ತಿದ್ದೀಯಾ? ಅಳ್ಬೇಡ್ವೋ. ನಿನ್ನ ಅಳಿಸೋಕೆ ಫೋನು ಮಾಡಿಲ್ಲ ನಾನು. ನೀನೂ ಆ ಗಾಳಿಯಲ್ಲಿ ಸಿಕ್ಕಿ ಬಂದವನೇ, ನಿನ್ನ ಜೀವವೂ ಬಾಯಿಗೆ ಬಂದಿತ್ತು, ಗೊತ್ತು... ಕೇಳಿಲ್ಲಿ. ಈಗ ಹೇಳು. ಅದು ಸಾಬಿರಾನಾ?... ಬಾಯಿ ಬಿಟ್ಟು ಹೇಳು ಮಗನೇ... ಹಾಂ! ಏನಂದೆ? ಇನ್ನೊಂದು ಸಲ ಹೇಳು. ಇರು, ಇರು, ಸ್ಪೀಕರ್ ಹಾಕ್ತೀನಿ... ಹಾಜಿ! ಇತ್ತ ಕೇಳಿ! ಕಂಡೆ ಅಂದವನ ಬಾಯಿಂದಲೇ ಕೇಳ್ಕೊಳ್ಳಿ!"

ಅವಳು ತಾರಸಿಯ ಅಂಚಿಗೆ ಬಂದು ಫೋನು ಹಿಡಿದ ಕೈಯನ್ನು ಓಣಿಯ ಕಡೆ ಚಾಚಿದಳು. ಕೆಳಗಿನ ಮುಖಗಳೆಲ್ಲ ಒಟ್ಟಿಗೆ ಮೇಲೆದ್ದವು. ಗಾಳಿಯಲ್ಲಿ ಹರಿದು ಚೂರಾದ ಒಂದು ಗಂಡಸಿನ ದನಿ ಅವರ ತಲೆಗಳ ಮೇಲೆ ಬಿತ್ತು. ‘ಗೊತ್ತಿಲ್ಲ’ ಎಂಬುದೊಂದು ಮಾತು ಮಾತ್ರ ಎಲ್ಲರಿಗೂ ಕೇಳಿಸಿತು. ಓದುವವರು ಟೀ ಲೋಟ ಕೆಳಗಿಟ್ಟರು. ಹಾಜಿ ಮುತವಲ್ಲಿ ಕೈಯಲ್ಲಿದ್ದ ಕುರ್ಚಿಯನ್ನು ಏನು ಮಾಡುವುದೆಂದು ತೋಚದೆ ಸ್ವಲ್ಪ ಹೊತ್ತು ಹಿಡಿದುಕೊಂಡೇ ನಿಂತಿದ್ದ. ಆಮೇಲೆ ಅದನ್ನು ಗಾಡಿಯ ಮೇಲಿಟ್ಟು, ಉಳಿದವನ್ನೂ ಏರಿಸುವಂತೆ ಕೈಸನ್ನೆ ಮಾಡಿದ.

"...ಬದುಕ್ಕೋ ಮಗನೇ. ಅದೊಂದು ಮಾತು ಹೇಳೋಕೆ ಇಷ್ಟು ಹೊತ್ತು ಬೇಕಾಯ್ತಲ್ಲೋ. ಜಕಿಗೂ ಫೋನು ಮಾಡಿ ಅದನ್ನೇ ಹೇಳು... ಈಗಲ್ಲ, ಆಮೇಲೆ. ಈಗ ನನಗೊಂದು ಕೆಲಸ ಮಾಡ್ಕೊಡು. ಬಂದರಿನ ಆಫೀಸಿಗೆ ಹೋಗಿ... ಏನದು ಗದ್ದಲ? ಅಲ್ಲಿ ಯಾರು ಕೂಗ್ತಿರೋದು?... ಎಲ್ಲಿಗೆ ಓಡ್ತಿದ್ದಾರೆ?... ದೋಣಿ ಬರ್ತಿದ್ಯಾ? ಯಾವುದು?... ಬೇರೆ ಊರಿಂದು. ಜನ ಏನಂತಿದ್ದಾರೆ ಅನ್ನೋದು ಬೇಡ, ಇಂಬಾಬಿ, ಜನ ಬೇಡ! ನಿನ್ನ ಕಣ್ಣಿಗೇನು ಕಾಣ್ತಿದೆ ಅದು ಹೇಳು. ಫೋನು ಕಿವಿಯಿಂದ ತೆಗೀಬೇಡ. ನಡಿ, ಹತ್ರ ನಡಿ."

ಅವಳು ತಾರಸಿಯ ಮೇಲೆ ಆ ತುದಿಯಿಂದ ಈ ತುದಿಗೆ ತಿರುಗಾಡತೊಡಗಿದಳು. ಮತ್ರೂಹ್‌ನ ದಕ್ಕೆಯ ಮೇಲೆ ಇಂಬಾಬಿ ನಡೆದಷ್ಟೂ ಇಲ್ಲಿ ಅವಳೂ ನಡೆಯುತ್ತಿದ್ದಳು. ಪಾರಿವಾಳಗಳು ಗಾಬರಿಯಾಗಿ ಗೂಡಿನೊಳಗೆ ರೆಕ್ಕೆ ಬಡಿದವು. ಒಗೆದು ಹಾಕಿದ್ದ ಒಂದು ಚಾದರ ಅವಳ ಮುಖಕ್ಕೆ ಬಡಿಯಿತು. ಅದನ್ನು ಹಗ್ಗದಿಂದ ಕಿತ್ತು ನೆಲಕ್ಕೆಸೆದಳು.

"...ಬಂತಾ? ಕಟ್ಟಿದ್ರಾ?... ಯಾರು ಇಳೀತಿದ್ದಾರೆ?... ಕಂಬಳಿ ಹೊದ್ದವರು. ಮುಖ ಕಾಣ್ತಿದ್ಯಾ?... ಕಾಣ್ತಿಲ್ಲ. ಸರಿ, ಕಾಣ್ತಿಲ್ಲ ಅಂದ್ಯಲ್ಲ, ಒಳ್ಳೇದಾಯ್ತು. ಇನ್ನೂ ಹತ್ರ ಹೋಗು... ಅವರನ್ನ ಯಾವ ದೋಣಿಯವರು ಅಂತ ಕೇಳು. ಸಾಬಿರಾನಾ ಅಂತ ಮಾತ್ರ ಕೇಳ್ಬೇಡ, ತಿಳೀತಾ? ಹೆಸರು ನಿನ್ನ ಬಾಯಿಂದ ಬರಬಾರದು. ನಡುಗ್ತಿರೋ ಮನುಷ್ಯ ಎಲ್ಲದಕ್ಕೂ ಹೂಂ ಅಂದ್ಬಿಡ್ತಾನೆ. ಅವರೇ ಹೇಳ್ಲಿ... ಕೇಳ್ದ್ಯಾ?... ಏನಂದ್ರು?... ಹಲೋ?... ಇಂಬಾಬಿ, ಏನಂದ್ರೋ?"

"...ಸಾಬಿರಾ. ಅವರೇ ಹೇಳಿದ್ರಾ? ನೀನು ಹೇಳಿಕೊಡ್ಲಿಲ್ಲ ತಾನೆ?... ಯಾ ರಬ್ಬೀ, ನನ್ನ ದೇವರೇ... ಬಯೂಮಿ ಕಾಣ್ತಾನಾ? ನಿನಗೆ ಅವನ ಹೆಸರಷ್ಟೇ ಗೊತ್ತು, ಮುಖದ ಗುರುತು ಇಲ್ಲ ಅಲ್ವಾ... ಹೌದು, ಹೌದು. ಹಾಗಾದ್ರೆ ಅವರಲ್ಲಿ ಯಾರಿಗಾದ್ರೂ ಫೋನು ಕೊಡು. ಮಾತಾಡೋ ಶಕ್ತಿ ಇರೋವ್ರಿಗೆ ಯಾರಿಗಾದ್ರೂ. ಕೊಡಪ್ಪ, ಬೇಗ."

ಫೋನು ಕೈಯಿಂದ ಕೈಗೆ ಹೋಗುವ ಸದ್ದು, ಯಾರೋ ಕೆಮ್ಮಿದ ಸದ್ದು. ತಫೀದಾ ಗೂಡಿನ ಪಕ್ಕದ ಕಾಳಿನ ಚೀಲದ ಮೇಲೆ ಕುಳಿತುಬಿಟ್ಟಳು.

"ಹಲೋ... ಯಾರಪ್ಪಾ ನೀನು?... ಅರಫಾ. ಯಾವ ಊರು ಅರಫಾ?... ಮತರಿಯ್ಯಾ? ಮಂಜಲಾ ಕೆರೆ ಕಡೆಯವನಾ... ಅದಕ್ಕೇ ನಿನ್ನ ಹೆಸರು ನಾನು ಕೇಳಿಲ್ಲ. ಸಾಬಿರಾಗೆ ಈ ಸಲವೇ ಸೇರ್ಕೊಂಡಿದ್ದಾ?... ಸರಿ. ನಾನು ಬಯೂಮಿಯ ಖಾಲಾ... ಯಾಕೆ ಸುಮ್ನಾದೆ?... ಅರಫಾ?... ಬಯೂಮಿ ಗೊತ್ತಾ ನಿನಗೆ? ಎಂಥವನು ಅವನು, ಹೇಳು ನೋಡೋಣ. ತಪ್ಪು ತಿಳೀಬೇಡ, ಬೆಳಗಿಂದ ಎಲ್ಲರ ಬಾಯಲ್ಲೂ ಬಯೂಮಿ ಹೆಸರೇ, ಒಬ್ಬರೂ ಅವನನ್ನ ಕಂಡವರಿಲ್ಲ... ಹೂಂ... ಏನಂದೆ?... ಮೀನು ತಿನ್ನಲ್ಲ!"

ಅವಳಿಗೆ ನಗು ಬಂದುಬಿಟ್ಟಿತು. ತಡೆಯಲಾಗದ, ಗಟ್ಟಿ ನಗು. ಮೀನುಗಾರರ ಊರಿನಲ್ಲಿ ಹುಟ್ಟಿ, ಬಲೆ ಎಳೆದೇ ಅನ್ನ ತಿಂದವನು ಮೀನಿನ ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತಿದ್ದ. ದೋಣಿಯ ಒಲೆಯಲ್ಲಿ ಎಲ್ಲರಿಗೂ ಮೀನು ಬೇಯುವಾಗ ಬಯೂಮಿ ಮಾತ್ರ ಒಣ ರೊಟ್ಟಿಗೆ ಚೀಸು ಸವರಿಕೊಂಡು ಮೂಲೆ ಹಿಡಿಯುತ್ತಿದ್ದನಂತೆ. ಇದು ಜಕಿಯ ಪುಟದಲ್ಲಿ ಇರಲಿಲ್ಲ. ಗುಮಾಸ್ತನಿಗೆ ಇದರ ಗಂಧಗಾಳಿಯೂ ಇರಲಿಲ್ಲ. ಕೋಳಿ ತಿನ್ನುವ ಬಯೂಮಿಯಲ್ಲ, ಮುಳುಗಿದ ಬಯೂಮಿಯಲ್ಲ, ಅವಳ ಬಯೂಮಿಯ ಜೊತೆ ಕೂತು ಊಟ ಮಾಡಿದವನೇ ಈಗ ಮಾತಾಡುತ್ತಿದ್ದ.

"...ಅವನೇ, ಅವನೇ! ಸಣ್ಣವನಿದ್ದಾಗಿಂದಲೂ ಹಂಗೇ. ಅವರಮ್ಮ ಮೀನು ಮುಚ್ಚಿಟ್ಟು ಅನ್ನದಲ್ಲಿ ಕಲಸಿದ್ರೂ ಕಂಡುಹಿಡೀತಿದ್ದ... ಎಲ್ಲಿದ್ದಾನೆ ಅವನು ಈಗ?... ಇಲ್ಲೇ ಅಂದ್ರೆ? ನಿನ್ನ ಪಕ್ಕದಲ್ಲೇನಾ?... ಪಕ್ಕದಲ್ಲೇ ಇದ್ದಾನಾ! ಮತ್ತೆ ಅವನ ಕೈಗೆ ಫೋನು ಕೊಡೋ, ನನ್ನ ಹತ್ರ ಏನು ಮಾತಾಡ್ತಿದ್ದೀಯ!... ಯಾಕೆ?... ಯಾಕೆ ಕೊಡೋಕಾಗಲ್ಲ?"

"..."

"...ಓ."

ಓಣಿಯಲ್ಲಿ ಗಾಡಿ ಹೊರಟ ಸದ್ದು ಕೇಳಿಸಿತು. ಆ ಸದ್ದು ತಿರುವು ದಾಟಿತು. ಅವಳ ದನಿ ಗಡುಸಾಯಿತು. ಇಂಬಾಬಿಯನ್ನು ಕೇಳಿದಂತೆಯೇ ಇವನನ್ನೂ ಕೇಳತೊಡಗಿದಳು.

"ಡಾಕ್ಟ್ರು ನೋಡಿದ್ರಾ?... ದೋಣೀಲಿ ಡಾಕ್ಟ್ರೆಲ್ಲಿ. ಮತ್ತೆ ಯಾರು ನೋಡಿದ್ದು, ನೀನು ಅಲ್ಲಿದ್ಯಾ ಆಗ?... ಚಳಿಗೆ ಮೈ ಸೆಟೆದುಕೊಳ್ಳುತ್ತೆ, ಮೂರ್ಛೆ ಹೋಗಿರ್ತಾರೆ, ಬೆಚ್ಚಗೆ ಮಾಡಿದ್ರೆ... ಮಾಡಿದ್ರಾ. ಎಷ್ಟು ಹೊತ್ತು?... ಹೂಂ... ನೀನು ಎಲ್ಲಿದ್ದೆ, ಅವನೆಲ್ಲಿದ್ದ?... ಮೀನಿನ ಪೆಟ್ಟಿಗೆಗಳನ್ನ ಒಟ್ಟಿಗೆ ಕಟ್ಟಿ. ಇಬ್ರೂ ಒಂದೇ ಹಗ್ಗಕ್ಕೆ... ರಾತ್ರಿಯಿಡೀ. ಮಾತಾಡ್ತಿದ್ನಾ?... ಏನಂತ?... ಅರ್ಥ ಆಗ್ಲಿಲ್ಲ. ಹಲ್ಲು ಕಡೀತಿತ್ತು. ಹೂಂ... ಯಾವಾಗ ಮಾತು ನಿಂತಿದ್ದು?... ಅದೂ ಗೊತ್ತಿಲ್ವಾ... ನೀನು ಮಂಪರಲ್ಲಿದ್ದೆ. ಕಣ್ಣು ಬಿಟ್ಟಾಗ ಬೆಳಕಾಗಿತ್ತು. ಆಗ ಅವನು..."

ಅವಳು ಕತೆಯಲ್ಲಿ ತೂತು ಹುಡುಕುತ್ತಿದ್ದಳು. ಗುಮಾಸ್ತನ ಮಾತಿನಲ್ಲಿ ಬೆರಳು ಹಾಕಿದರೆ ಕೈಯೇ ಹೋಗುವಷ್ಟು ತೂತುಗಳಿದ್ದವು. ಇಲ್ಲಿಯೂ ಒಂದಾದರೂ ಇರಬೇಕಿತ್ತು. ಹುಡುಗನ ಮಾತಿನಲ್ಲಿ ‘ಗೊತ್ತಿಲ್ಲ’ಗಳು ಬೇಕಾದಷ್ಟಿದ್ದವು. ಆದರೆ ಅವನು ಯಾವುದನ್ನೂ ಮುಚ್ಚಲು ಹೋಗುತ್ತಿರಲಿಲ್ಲ. ಅವಳು ತಾನೇ ಕೊನೆಯದಾಗಿ ಅವನ ಕೈಗೊಂದು ಸುಳ್ಳನ್ನು ಕೊಟ್ಟು ನೋಡಿದಳು. ಬೇಕೆಂದೇ ಕೊಟ್ಟಳೋ, ಆಸೆಯಿಂದ ಕೊಟ್ಟಳೋ, ಅವಳಿಗೇ ತಿಳಿಯಲಿಲ್ಲ.

"...ಅರಫಾ. ಕೊನೇಲಿ ಅವನು ಅಮ್ಮನ್ನ ಕರೆದಿರ್ಬೇಕು, ಅಲ್ವಾ? ‘ಅಮ್ಮಾ’ ಅಂದಿರ್ಬೇಕು, ಅಲ್ವೇನೋ?"

"...ನಿನಗೆ ಕೇಳಿಸ್ಲಿಲ್ಲ."

ಹೂಂ ಎಂದುಬಿಡಬಹುದಿತ್ತು. ಹೂಂ ಎಂದಿದ್ದರೆ ಯಾರೂ ಅವನನ್ನು ಬೈಯುತ್ತಿರಲಿಲ್ಲ, ಊರಿನವರೆಲ್ಲ ಆ ಒಂದು ಮಾತಿಗಾಗಿ ಅವನನ್ನು ಹರಸುತ್ತಿದ್ದರು. ಅವನು ಅನ್ನಲಿಲ್ಲ. ತಫೀದಾಳಿಗೆ ಇನ್ನು ಕೇಳುವುದೇನೂ ಉಳಿಯಲಿಲ್ಲ. ಇವನ ಮಾತನ್ನು ನಂಬದೆ ಬೇರೆ ದಾರಿಯಿರಲಿಲ್ಲ. ಸಂಜೆಗೆ ಓಣಿಯಲ್ಲಿ ‘ನಾವು ನಿನ್ನೆಯೇ ಹೇಳಿರಲಿಲ್ಲವೇ’ ಎನ್ನುವವರು ಹುಟ್ಟಿಕೊಳ್ಳುತ್ತಾರೆಂದು ಅವಳಿಗೆ ಗೊತ್ತಿತ್ತು. ಆದರೆ ಅವರು ಹೇಳಿದ್ದರಲ್ಲಿ ಈ ಅರಫಾ ಕೂಡ ಸತ್ತಿದ್ದ. ಸತ್ತವನು ಈಗ ಅವಳ ಕಿವಿಯಲ್ಲಿ ಏದುಸಿರು ಬಿಡುತ್ತಿದ್ದ.

"...ಅವನ ಮುಖ ಮುಚ್ಚಿದ್ದೀರಾ?... ಯಾವುದರಲ್ಲಿ?... ನಿನ್ನ ಕಂಬಳಿನಾ? ಮತ್ತೆ ನಿನಗೆ?... ಆಯ್ತು ಕಣಪ್ಪ, ಆಯ್ತು."

"ಅಕ್ಕ."

ಸನಿಯ್ಯಾ ಮೆಟ್ಟಿಲ ಬಾಗಿಲಲ್ಲಿ ನಿಂತಿದ್ದಳು. ಬರಿಗಾಲು, ತಲೆಯ ಮೇಲಿನ ಬಟ್ಟೆ ಹೆಗಲಿಗೆ ಜಾರಿತ್ತು. ಬೆಳಗಿನಿಂದ ಗೋಡೆ ನೋಡುತ್ತಿದ್ದ ಮುಖದಲ್ಲಿ ಈಗ ಬೇರೊಂದು ಬೆಳಕಿತ್ತು.

"ನೀನು ನಕ್ಕಿದ್ದು ಕೇಳಿಸ್ತು ಅಕ್ಕ. ಅದಕ್ಕೇ ಓಡಿ ಬಂದೆ. ಸಿಕ್ಕಿದ್ನಾ? ಅವನೇನಾ ಫೋನಲ್ಲಿ?"

ತಫೀದಾ ಎದ್ದಳು. ಮಾತು ಮೆತ್ತಗೆ ಮಾಡಿ, ಸುತ್ತಿ ಬಳಸಿ, ಕೆಳಗೆ ಕರೆದುಕೊಂಡು ಹೋಗಿ, ನೀರು ಕುಡಿಸಿ ಹೇಳಬಹುದಿತ್ತು. ಹಾಗೆ ಹೇಳಿದರೆ ಸನಿಯ್ಯಾಳಿಗೆ ಅದು ಮೂರನೆಯ ಸುದ್ದಿಯಾಗುತ್ತಿತ್ತು, ಅಷ್ಟೇ. ಅದನ್ನು ನಂಬಬೇಕೋ ಬೇಡವೋ ಎಂದು ಅವಳು ಜೀವಮಾನವಿಡೀ ಬಾಗಿಲು ನೋಡುತ್ತಾ ಕೂರುತ್ತಿದ್ದಳು.

"ಅವನಲ್ಲ, ಸನಿಯ್ಯಾ. ಈ ಹುಡುಗನ ಹೆಸರು ಅರಫಾ. ರಾತ್ರಿಯಿಡೀ ನೀರಲ್ಲಿ ನಮ್ಮ ಬಯೂಮಿ ಜೊತೆಗೇ ಇದ್ದ. ಕೊನೇ ತನಕ ಇದ್ದ."

ಸನಿಯ್ಯಾ ಅಕ್ಕನ ಮುಖ ನೋಡಿದಳು. ಆ ಕೊನೆಯ ಮಾತು ಅವಳನ್ನು ತಲುಪಲು ಸ್ವಲ್ಪ ಹೊತ್ತು ಹಿಡಿಯಿತು. ಅವಳು ಕೂಗಲಿಲ್ಲ. ಗೋಡೆಯನ್ನೊಮ್ಮೆ ಹಿಡಿದುಕೊಂಡಳು, ಆಮೇಲೆ ಗೋಡೆ ಬಿಟ್ಟು ಕೈ ಚಾಚಿದಳು. ತಫೀದಾ ಆ ಕೈಯಲ್ಲಿ ಫೋನನ್ನಿಟ್ಟು, ತಂಗಿಯ ಬೆನ್ನಿಗೆ ತನ್ನ ಮೈಯನ್ನು ಆನಿಸಿ ನಿಂತಳು.

"ಹಲೋ... ಅರಫಾನಾ?... ನಾನು ಬಯೂಮಿ ಅಮ್ಮ."

"..."

"...ಹೇಳು. ನನಗೂ ಹೇಳು. ಅಕ್ಕನಿಗೆ ಹೇಳಿದ್ದನ್ನೇ ಹೇಳು... ಹೂಂ... ಹೂಂ..."

ಅವಳು ಕೇಳುತ್ತಾ ನಿಂತಳು. ತುಂಬಾ ಹೊತ್ತು ಕೇಳಿದಳು. ಅವಳ ಬೆನ್ನು ಒಂದೊಂದು ‘ಹೂಂ’ಗೂ ಸಣ್ಣಗೆ ಅದುರುವುದು ತಫೀದಾಳ ಎದೆಗೆ ತಿಳಿಯುತ್ತಿತ್ತು. ಓಣಿಯಲ್ಲಿ ಹಾಜಿ ಮುತವಲ್ಲಿ ತಲೆಯೆತ್ತಿ ನೋಡಿ, ತಾರಸಿಯ ಮೇಲಿನ ಇಬ್ಬರು ಹೆಂಗಸರನ್ನು ಕಂಡು, ಏನನ್ನೂ ಕೂಗಿ ಕೇಳದೆ ತಲೆ ತಗ್ಗಿಸಿದ.

"...ಅಳ್ಬೇಡ ಕಂದಾ. ನೀನು ಹಗ್ಗ ಬಿಟ್ಟಿಲ್ಲ ಅಲ್ವಾ... ಗೊತ್ತು. ನೀನೇನು ಮಾಡ್ತಿದ್ದೆ ಪಾಪ... ಅವನ ಕಾಲು ಮುಚ್ಚಿದ್ಯಾ? ಮುಖ ಮುಚ್ಚಿದ್ರೆ ಸಾಲದು. ಅವನಿಗೆ ಕಾಲಿಗೇ ಜಾಸ್ತಿ ಚಳಿ... ಮುಚ್ಚು. ನಾನು ಕಾಯ್ತೀನಿ, ಮುಚ್ಚಿ ಬಾ... ಮುಚ್ಚಿದ್ಯಾ? ಹಾಂ."

"...ನೀನು ಏನಾದ್ರೂ ತಿಂದ್ಯಾ?... ಬಿಸಿ ಏನಾದ್ರೂ ಕುಡಿ... ಇದು ಯಾರ ಫೋನು?... ನಿನ್ನದು ನೀರಿಗೆ ಹೋಯ್ತಾ. ಹೂಂ... ಅರಫಾ, ನಿನಗೆ ಅಮ್ಮ ಇದ್ದಾರೇನೋ?... ಇದ್ದಾರಾ. ಅವರಿಗೆ ಹೇಳಿದ್ಯಾ?... ಇನ್ನೂ ಇಲ್ವಾ?"

ಸನಿಯ್ಯಾಳ ದನಿ ಮೊದಲ ಸಲ ಏರಿತು.

"ಇನ್ನೂ ಇಲ್ವಾ! ಅಯ್ಯೋ ದೇವರೇ, ಎಲ್ರೂ ಹೋದ್ರು ಅನ್ನೋ ಸುದ್ದಿ ಅವರ ತನಕ ಹೋಗಿರುತ್ತಲ್ಲೋ, ನಿನ್ನೆ ಸಂಜೆಯಿಂದ ಅವರು ನಿನ್ನನ್ನ... ಇಡು. ಫೋನು ಇಡು ಮೊದಲು... ನನಗೆ ಆಮೇಲೆ ಹೇಳುವೆಯಂತೆ, ಎಲ್ಲ ಹೇಳುವೆಯಂತೆ, ನಾನೇ ಮತ್ರೂಹ್‌ಗೆ ಬರ್ತೀನಿ. ಈಗ ನಿನ್ನ ಅಮ್ಮನಿಗೆ ಮಾಡು... ಬೇರೆಯವರ ಕೈಲಿ ಹೇಳಿಸ್ಬೇಡ, ಅವರು ನಂಬಲ್ಲ ಕಣೋ, ನಂಬೋಕಾಗಲ್ಲ. ನೀನೇ ಮಾತಾಡು. ನಿನ್ನ ದನಿನೇ ಅವರ ಕಿವಿಗೆ ಬೀಳ್ಲಿ... ನಂಬರು ನೆನಪಿದ್ಯಾ?... ಬಾಯಿಪಾಠ ಇದ್ಯಾ? ಮತ್ತೇನು, ಮಾಡು!... ನನ್ನದೇನೂ ಕೇಳ್ಬೇಡ ಈಗ, ನನ್ನ ಅಕ್ಕ ಇದ್ದಾಳೆ ಇಲ್ಲಿ. ಇಡು ಅಂದ್ನಲ್ಲ, ಇಡು, ಆ ತಾಯಿ ಅಲ್ಲಿ..."

ಕಟ್ ಆಯಿತು.